ಹದಿನೆಂಟು ಮಿಲಿಮೀಟರು

ಗೋಡೆ ಮುಗಿದಿತ್ತು. ಮೇಯರು ಬಂದು ಹೋಗಿ,
ಹೂವಿನ ಚಕ್ರಗಳು ಬಾಡಿ,
ಪಾಲಿಕೆಯವರು ಗುಡಿಸಿ ಒಯ್ದಿದ್ದರು.
ನನ್ನ ಬಿಲ್ಲೂ ಪಾಸಾಗಿತ್ತು: ಆರುನೂರ ಹನ್ನೊಂದು ಹೆಸರು,
ಅಕ್ಷರಕ್ಕಿಷ್ಟು ಎಂದು.

ಆಮೇಲೆ ಬಂದಳು ಓರ್‌ಟ್ರೂಡ್ ಲಾಂಪ್ರೆಖ್ಟ್,
ಎಪ್ಪತ್ತು ದಾಟಿದ ಮೊಣಕಾಲು ನೋವಿನ ಹೆಂಗಸು,
ಬ್ರೆಡ್ಡಿನ ಚೀಲದಲ್ಲಿ ಒಂದು ನೋಟ್‌ಬುಕ್ಕು.
"ಅಜ್ಜನದು. ಊರಿನ ಪಿಯಾನೋಗಳಿಗೆಲ್ಲ ಶ್ರುತಿ ಮಾಡುತ್ತಿದ್ದ."
ಕೂರಲಿಲ್ಲ. ಕಾಫಿ ಬೇಡವೆಂದಳು.
ಕಲ್ಲಿನ ಪುಡಿ ಕೂತ ಬೆಂಚಿನ ಮೇಲೆ ಬಿಚ್ಚಿ
ಬೆರಳಿಟ್ಟು ತೋರಿಸಿದಳು.

ಪೆನ್ಸಿಲ್ಲಿನ ಚೊಕ್ಕ ಕೈಬರಹ:
ಗಿರಣಿ ಓಣಿ, ಏಳು, ನಾಲ್ಕನೇ ಮಹಡಿ, ಹಿಂದಿನ ಕೋಣೆ.
ಕುಮಾರಿ ಸೆಲ್ಮಾ ಗ್ರಾಬೋವರ್, ಬಾಡಿಗೆಗಿರುವಾಕೆ.
ನಿಲುವು ಪಿಯಾನೋ, ಅದರ ನಂಬರು.
ನಡು ಸಪ್ತಕದ ಒಂದು ಕರಿ ಮನೆ
ಒತ್ತಿದರೆ ಮೇಲೇಳುವುದಿಲ್ಲ.
ಹಾಗೇ ಬಿಡಿ ಅಂದರು. ರೂಢಿಯಾಗಿದೆಯಂತೆ.

ಮುಂದಿನ ವರ್ಷ: ಸುತ್ತಿಗೆಗಳಿಗೆ ಉಣ್ಣೆಬಟ್ಟೆ ಕಟ್ಟಲು ಹೇಳಿದರು,
ಕೆಳಗಿನವರಿಗೆ ಕೇಳಬಾರದು. ಕಟ್ಟಿದೆ.
ಅದರ ಮುಂದಿನ ವರ್ಷ: ಹಣದ ಬದಲು ಒಂದು ಜೊತೆ ಕೈಗವಸು.
ಆಮೇಲೆ ನವೆಂಬರು, ನಲವತ್ತೊಂದು:
ಬಾಗಿಲಿಗೆ ಅರಗಿನ ಮುದ್ರೆ. ಶ್ರುತಿ ಮಾಡಲಿಲ್ಲ.

ಇಷ್ಟೇ ಆಗಿದ್ದರೆ ಆಕೆ ಅಂಚೆಯಲ್ಲಿ ಕಳಿಸಬಹುದಿತ್ತು.
ಹಾಳೆ ತಿರುವಿದಳು.

ಫೆಬ್ರವರಿ. ಬೇರೆ ಬೀದಿ, ಮೊದಲ ಮಹಡಿ,
ತೆರಿಗೆ ಕಚೇರಿಯ ಅಧಿಕಾರಿಯ ಮನೆ.
ನಿಲುವು ಪಿಯಾನೋ. ನಂಬರು ಅದೇ.
ಉಣ್ಣೆಬಟ್ಟೆ ಬಿಚ್ಚಿದೆ. ಕರಿ ಮನೆ ಸರಿ ಮಾಡಿದೆ.
ಹಣ ಸಂದಿದೆ.

ಇಬ್ಬರೂ ಆ ಎರಡು ಪದ ನೋಡುತ್ತ ನಿಂತೆವು.
ಹೊರಗೆ ಟ್ರಾಮು ತಿರುವಿನಲ್ಲಿ ಕಿರುಗುಟ್ಟಿತು.
"ಕೆಟ್ಟವನಲ್ಲ," ಅಂದಳು. ಸ್ವಲ್ಪ ಹೊತ್ತು ಬಿಟ್ಟು
"ನನಗೆ ಗೊತ್ತಿಲ್ಲ," ಅಂದಳು.
ಆಮೇಲೂ ಇಪ್ಪತ್ತಾರು ವರ್ಷ ಬದುಕಿದ್ದನಂತೆ.
ಊಟದ ಮೇಜಿನ ಅಂಚಿನ ಮೇಲೆ ಬೆರಳಾಡಿಸಿ
ಮೊಮ್ಮಗಳಿಗೆ ಪಾಠ ಹೇಳಿದ್ದನಂತೆ;
ಮನೆಯೊಳಕ್ಕೆ ಮಾತ್ರ ಪಿಯಾನೋ ತರಗೊಡಲಿಲ್ಲ.

ಪತ್ರಾಗಾರದವರು ಮೂರು ವಾರ ಹುಡುಕಿದರು.
ಇನ್ನೊಬ್ಬರ ಮನೆಯಲ್ಲಿದ್ದವಳು, ಮನೆಪಟ್ಟಿಯಲ್ಲಿ ಇರಲಿಲ್ಲ.
ರೈಲಿನ ಪಟ್ಟಿಯಲ್ಲಿದ್ದಳು, ತಪ್ಪು ಕಾಗುಣಿತದಲ್ಲಿ,
ರೀಗಾ ಕಡೆಯ ಗಾಡಿ.
ಹುಟ್ಟಿದ್ದು 1903. ಅಷ್ಟೇ.

ಈಗ ನನ್ನ ಕಷ್ಟ. ಗೋಡೆ ಅಕಾರಾದಿ.
ಗೋಲ್ಡ್‌ಬೆರ್ಗರ್ ಆದ ಮೇಲೆ ಗ್ರೇಟ್ಸರ್,
ನಡುವೆ ಇರುವುದು ಹದಿನೆಂಟು ಮಿಲಿಮೀಟರು.
ವಾಸ್ತುಶಿಲ್ಪಿ ಫೋನಿನಲ್ಲಿ: "ಕೊನೆಗೆ ಸೇರಿಸಿಬಿಡಿ,
ಕೆಳಗೆ ಜಾಗ ಬಿಟ್ಟಿದ್ದೇವಲ್ಲ, ನಡುವೆ ತುರುಕಿದರೆ ಅಂದ ಕೆಡುತ್ತದೆ."
ಕೊನೆಗೆ? ಮತ್ತೆ ಹಿಂದಿನ ಕೋಣೆಗೆ?
ಎಂದು ನಾನು ಕೇಳಲಿಲ್ಲ, ಅದು ಆಮೇಲೆ ಹೊಳೆದ ಮಾತು.
ಆಗ ಅಂದದ್ದು: ಇಲ್ಲಿ ಮಳೆ, ಏನೂ ಕೇಳಿಸುತ್ತಿಲ್ಲ.

ಇದ್ದುದರಲ್ಲಿ ಸಣ್ಣ ಉಳಿ ತೆಗೆದೆ, ಹಲ್ಲಿನ ಡಾಕ್ಟರ ಬಳಿ ಇರುವಂಥದು.
ಅಕ್ಷರ ಏಳು ಮಿಲಿಮೀಟರು. ಸುಣ್ಣಕಲ್ಲು,
ಒಳಗೆ ಅಲ್ಲಲ್ಲಿ ಹಳೆಯ ಕಡಲಿನ ಚಿಪ್ಪು;
ಜೋರಾಗಿ ಹೊಡೆದರೆ ಮೇಲಿನವರೂ ಬಿರಿಯುತ್ತಾರೆ, ಕೆಳಗಿನವರೂ.
ಸುತ್ತಿಗೆಗೆ ನಾನೂ ಬಟ್ಟೆ ಸುತ್ತಿಕೊಂಡೆ.
ಶಾಲೆಯ ಹುಡುಗನೊಬ್ಬ ಸೈಕಲ್ಲು ನಿಲ್ಲಿಸಿ
"ತಪ್ಪು ತಿದ್ದುತ್ತಿದ್ದೀರಾ?" ಅಂದ.
ಹೂಂ ಅಂದೆ.

ದೂರದಿಂದ ಅದೊಂದು ಗೀರು,
ಯಾರೋ ಕೀಲಿಕೈಯಲ್ಲಿ ಗೀಚಿದ ಹಾಗೆ.
ಓದಬೇಕಾದರೆ ಹತ್ತಿರ ಬಂದು ಬಗ್ಗಬೇಕು;
ಸಂಜೆಯಾದರೆ ಕಣ್ಣಿಗಿಂತ ಮೊದಲು
ಬೆರಳಿಗೆ ಸಿಗುತ್ತಾಳೆ.

ತಿಂಗಳ ಕೊನೆಗೆ ಬಿಲ್ಲು ಕಳಿಸಿದೆ:
ಹದಿಮೂರು ಅಕ್ಷರ, ನಾಲ್ಕು ಅಂಕಿ.
ಹಣ ಸಂದಿದೆ.